ನೀಲಿ ಹೊಗೆಯ ಜಾತಕ

ಉಜಿರೆ ದಾಟಿ ಚಾರ್ಮಾಡಿಯತ್ತ ಹೊರಳುವ 73ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ, ಎರಡು ತೆಂಗಿನಮರಗಳ ನಡುವೆ, ತಗಡಿನ ಮಾಡಿನ ಒಂದು ಗ್ಯಾರೇಜು. ಬೋರ್ಡಿನ ಅಕ್ಷರಗಳನ್ನು ಮಳೆ ಅರ್ಧ ತಿಂದಿದೆ. ಅದನ್ನು ಓದಿ ಒಳಗೆ ಬರುವವರು ಹೇಗೂ ಇಲ್ಲ. ನೆಲದ ಮಣ್ಣು ವರ್ಷಾನುಗಟ್ಟಲೆ ಆಯಿಲ್ ಕುಡಿದು ಕಪ್ಪಾಗಿ, ಮಳೆಗಾಲದಲ್ಲೂ ಕೆಸರಾಗದಷ್ಟು ಗಟ್ಟಿಯಾಗಿದೆ. ಗೋಡೆಯ ಮೊಳೆಗಳಲ್ಲಿ ಹಳೆಯ ಫ್ಯಾನ್‌ಬೆಲ್ಟುಗಳು, ಮೂಲೆಯಲ್ಲಿ ಬಿಚ್ಚಿಟ್ಟ ಗೇರ್‌ಬಾಕ್ಸು, ಕಿಟಕಿಯ ದಂಡೆಯಲ್ಲಿ ಮಂಜುನಾಥ ಸ್ವಾಮಿಯ ಪಟ, ಅದಕ್ಕೆ ಒರಗಿಸಿದ ಗ್ರೀಸ್ ಡಬ್ಬ. ಕಾರ್ತಿಕ ಮಾಸ. ಏಳು ಗಂಟೆಯ ಬಿಸಿಲು ಇನ್ನೂ ಅಡಿಕೆ ತೋಟದ ಆಚೆಗೇ ಇದೆ. ಮೂಡಲಿಗೆ ಘಟ್ಟದ ಸಾಲು ನೀಲಿ.

ಈ ದಿನದ ಮೊದಲ ಗಿರಾಕಿ ನಿನ್ನೆ ಸಂಜೆಯೇ ಬಂದು ನಿಂತ ಬಿಳಿ ಮಾರುತಿ 800. 1990ರ ದಶಕದ ಗಾಡಿ, ಕಾರ್ಬುರೇಟರಿನದು, ನಿವೃತ್ತ ಮಾಸ್ಟ್ರೊಬ್ಬರದು. "ರಾತ್ರಿ ಇಲ್ಲೇ ಇರಲಿ, ಪೂರ್ತಿ ತಣ್ಣಗಾಗಬೇಕು" ಎಂದು ಮೇಸ್ತ್ರಿಯೇ ಇರಿಸಿಕೊಂಡದ್ದು. ಮಾಸ್ಟ್ರು ಬೆಳಗಿನ ಬಸ್ಸಿಗೆ ಬಂದಿಳಿದಿದ್ದಾರೆ. ನೀಲಿ ಹೊಗೆ ಕಂಡ ಯಾರೋ, "ರಿಂಗ್ ಹೋಯ್ತು, ಇನ್ನು ಇಂಜಿನ್ ಬೋರ್ ಮಾಡಿಸದೆ ಗತಿಯಿಲ್ಲ" ಎಂದು ಹೆದರಿಸಿಬಿಟ್ಟಿದ್ದಾರೆ.

"ಹೊಗೆ ಯಾವಾಗ ಬರ್ತದೆ ಮಾಸ್ಟ್ರೇ?"

"ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ. ಗೇಟು ದಾಟಿದ ಮೇಲೆ ಇಲ್ಲ ಮಾರಾಯ."

ಮೇಸ್ತ್ರಿ ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಹುಡುಗನಿಗೆ ಕೈ ಬೀಸುತ್ತಾರೆ. ಹುಡುಗ ಕೀ ತಿರುಗಿಸುತ್ತಾನೆ. ಇಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಳ್ಳುತ್ತದೆ. ಕೊಳವೆಯಿಂದ ನೀಲಿ ಹೊಗೆಯ ಒಂದು ಮುದ್ದೆ ಹೊರಬಿದ್ದು, ತಂಪು ಗಾಳಿಗೆ ಮೇಲೇಳಲಾರದೆ ನೆಲದ ಮೇಲೇ ಹರಡಿ, ತೆಂಗಿನ ಬುಡವನ್ನು ಸುತ್ತುತ್ತದೆ. ಮೂಗಿಗೆ ಸುಟ್ಟ ಎಣ್ಣೆಯ ಘಾಟು. ಅರ್ಧ ನಿಮಿಷದಲ್ಲಿ ಹೊಗೆ ತೆಳ್ಳಗಾಗುತ್ತದೆ. ಇನ್ನೊಂದು ಅರ್ಧ ನಿಮಿಷಕ್ಕೆ ಏನೂ ಇಲ್ಲ. ಹುಡುಗನ ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ಮೇಸ್ತ್ರಿ ಮೊದಲೇ ಕೊಳವೆಯ ಬಾಯಿಗೆ ಹಿಡಿದಿದ್ದರು. ಈಗ ಅದನ್ನು ಬೆಳಕಿಗೆ ಎತ್ತಿ ತೋರಿಸುತ್ತಾರೆ. ಹಾಳೆಯ ಮೇಲೆ ಕಂದು ಚುಕ್ಕಿಗಳು. ಬೆರಳಿನಲ್ಲಿ ಒರೆಸಿದರೆ ಜಾರುತ್ತವೆ, ಒಣಗುವುದಿಲ್ಲ.

"ಸುಡುವುದು ಆಯಿಲೇ ಹೌದು. ಆದರೆ ಇಂಜಿನ್ ಬಿಚ್ಚಲಿಕ್ಕೆ ಬೇಡ."

ಕಾರಿನ ಹೊಗೆಗೆ ಮೂರು ಬಣ್ಣ ಎನ್ನುವುದು ಎಲ್ಲ ಗ್ಯಾರೇಜುಗಳ ಮೊದಲ ಪಾಠ. ಕಪ್ಪು ಬಂದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ. ಬಿಳಿ ಬಂದರೆ ನೀರಿನ ಆವಿ. ಚಳಿಯ ಬೆಳಿಗ್ಗೆ ಅದು ಸಹಜ, ಆದರೆ ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಒಡೆದು ರೇಡಿಯೇಟರಿನ ನೀರು ಸಿಲಿಂಡರಿಗೆ ಇಳಿಯುತ್ತಿರಬಹುದು. ನೀಲಿ ಬಂದರೆ ಇಂಜಿನ್ ಆಯಿಲು. ಕಾರ್ತಿಕದ ಇಬ್ಬನಿಯಲ್ಲಿ ಬಿಳಿ ನೀಲಿಗಳ ನಡುವೆ ಅನುಮಾನ ಹುಟ್ಟುವುದುಂಟು. ಆವಿಯಾದರೆ ನಾಲ್ಕು ಮಾರು ಹೋಗುವಷ್ಟರಲ್ಲಿ ಮಾಯ. ಆಯಿಲ್ ಹೊಗೆ ಗಾಳಿಯಲ್ಲಿ ತೂಗುತ್ತ ಉಳಿಯುತ್ತದೆ.

ಅದು ನೀಲಿಯಾಗಿಯೇ ಏಕೆ ಕಾಣಬೇಕು? ಆಯಿಲಿನಲ್ಲಿ ನೀಲಿ ಎಂಬುದೇ ಇಲ್ಲ. ಹೊಸತಾದರೆ ಜೇನಿನ ಬಣ್ಣ, ಹಳೆಯದಾದರೆ ಇದ್ದಲು. ಸಿಲಿಂಡರಿನ ಬೆಂಕಿಗೆ ಬಿದ್ದ ಆಯಿಲು ಪೂರ್ತಿ ಉರಿಯುವುದಿಲ್ಲ. ಆವಿಯಾದ ಅಂಶ ಸೈಲೆನ್ಸರಿನಲ್ಲಿ ತಣಿದು ಅತಿ ಸಣ್ಣ ಹನಿಗಳಾಗುತ್ತದೆ. ಬೆಳಕಿನ ತರಂಗಾಂತರಕ್ಕಿಂತಲೂ ಸಣ್ಣ ಕಣಗಳು ಕೆಂಪಿಗಿಂತ ನೀಲಿಯನ್ನು ಹಲವು ಪಟ್ಟು ಹೆಚ್ಚು ಚದುರಿಸುತ್ತವೆ. 19ನೇ ಶತಮಾನದಲ್ಲಿ ಜಾನ್ ಟಿಂಡಲ್ ಇದನ್ನು ಪ್ರಯೋಗದಲ್ಲಿ ತೋರಿಸಿದ. 1871ರಲ್ಲಿ ಲಾರ್ಡ್ ರೇಲಿ ಲೆಕ್ಕ ಹಾಕಿ ವಿವರಿಸಿದ. ತೋಟದ ಕಪ್ಪು ನೆರಳಿನ ಮುಂದೆ ನೀಲಿಯಾಗಿದ್ದ ಇದೇ ಹೊಗೆ ಬಿಸಿಲಿಗೆ ಅಡ್ಡ ಬಂದಾಗ ಮಾಸಲು ಕಂದು. ಎದುರಿನ ಘಟ್ಟ ದೂರದಿಂದ ನೀಲಿಯಾಗಿ ಕಾಣುವುದಕ್ಕೂ ನಡುವಿನ ಗಾಳಿ ಬೆಳಕನ್ನು ಹೀಗೆಯೇ ಚದುರಿಸುವುದು ಕಾರಣ.

ಸುಟ್ಟದ್ದು ಏನು ಎಂದು ಬಣ್ಣ ಹೇಳುತ್ತದೆ. ಅದು ಎಲ್ಲಿಂದ ಸೋರಿತು ಎಂಬುದನ್ನು ಹೇಳುವುದು ಹೊತ್ತು. ಜಾತಕ ಬರೆಯುವವರಿಗೆ ಮಗು ಹುಟ್ಟಿದ ಗಳಿಗೆ ಬೇಕು. ಮೇಸ್ತ್ರಿಗೆ ಹೊಗೆ ಹುಟ್ಟಿದ ಗಳಿಗೆ. ತಣ್ಣಗಿನ ಇಂಜಿನಿನ ಮೊದಲ ಹೊಗೆಗೆ ಇಲ್ಲಿ ಸಿಗುವ ಉತ್ತರ: ವಾಲ್ವ್ ಸೀಲು.

ಬಾನೆಟ್ಟು ಏಳುತ್ತದೆ. ಟ್ಯಾಪೆಟ್ ಕವರ್ ತೆಗೆದು, ರಾಕರ್ ಶಾಫ್ಟ್ ಬಿಚ್ಚಿದರೆ 796 ಸಿಸಿಯ ಮೂರು ಸಿಲಿಂಡರುಗಳ ಆರು ವಾಲ್ವುಗಳು ಸ್ಪ್ರಿಂಗ್ ತೊಟ್ಟು ಸಾಲಾಗಿ ನಿಂತಿವೆ. ಪ್ರತಿ ವಾಲ್ವಿನ ಕಾಂಡ ಒಂದು ಲೋಹದ ಗೈಡಿನೊಳಗೆ ಮೇಲೆ ಕೆಳಗೆ ಆಡುತ್ತದೆ. ಮೇಲ್ಭಾಗದಲ್ಲಿ ಸದಾ ಆಯಿಲ್ ಚಿಮ್ಮುತ್ತಿರುತ್ತದೆ. ಗೈಡಿನ ನೆತ್ತಿಗೆ ತೊಡಿಸಿದ ಚಿಕ್ಕ ರಬ್ಬರ್ ಟೊಪ್ಪಿ ಆ ಆಯಿಲನ್ನು ಕೆಳಗಿಳಿಯದಂತೆ ತಡೆಯುತ್ತದೆ. ಅದೇ ಸೀಲು. ವರ್ಷಾನುಗಟ್ಟಲೆ ಬಿಸಿಗೆ ರಬ್ಬರು ಗಡುಸಾಗಿ ಕಾಂಡವನ್ನು ಹಿಡಿಯುವುದನ್ನು ಬಿಡುತ್ತದೆ. ರಾತ್ರಿಯಿಡೀ ಆಯಿಲು ಕಾಂಡಗುಂಟ ಜಿನುಗಿ ವಾಲ್ವಿನ ತಲೆಯ ಮೇಲೆ, ಸಿಲಿಂಡರಿನೊಳಗೆ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಕಿಡಿ ಹಾರಿದೊಡನೆ ಅಷ್ಟೂ ಸುಟ್ಟು ಹೊರಬರುತ್ತದೆ. ಸುಟ್ಟು ಮುಗಿದ ಮೇಲೆ ಹೊಗೆಯೂ ಇಲ್ಲ.

ಹೆಡ್ ಇಳಿಸದೆ ಸೀಲು ಬದಲಿಸುವುದರಲ್ಲಿ ಕಷ್ಟವೊಂದಿದೆ. ಸ್ಪ್ರಿಂಗ್ ತೆಗೆದರೆ ವಾಲ್ವು ಸಿಲಿಂಡರಿನೊಳಗೆ ಜಾರಿಬಿಡುತ್ತದೆ. ಕೆಲವರು ಪ್ಲಗ್ಗಿನ ತೂತಿನಿಂದ ಕಂಪ್ರೆಸರ್ ಹವಾ ತುಂಬಿ ವಾಲ್ವನ್ನು ಎತ್ತಿ ಹಿಡಿಯುತ್ತಾರೆ. ಇಲ್ಲಿ ಆ ಕೆಲಸಕ್ಕೆ ನೈಲಾನ್ ಹಗ್ಗ. ಹುಡುಗ ಪ್ಲಗ್ ಬಿಚ್ಚಿದ ತೂತಿನೊಳಗೆ ಹಗ್ಗವನ್ನು ಗೇಣು ಗೇಣಾಗಿ ತುರುಕುತ್ತಾನೆ, ತುದಿಯನ್ನು ಮಾತ್ರ ಹೊರಗೆ ಬಿಡುತ್ತಾನೆ. ಮೇಸ್ತ್ರಿ ಕ್ರ್ಯಾಂಕಿನ ಪುಲ್ಲಿಗೆ ಪಾನಾ ಹಾಕಿ ಮೆಲ್ಲನೆ ತಿರುಗಿಸುತ್ತಾರೆ. ಪಿಸ್ಟನ್ ಮೇಲೆ ಬಂದಂತೆ ಹಗ್ಗದ ಸುರುಳಿ ಒತ್ತಿಕೊಂಡು ವಾಲ್ವುಗಳನ್ನು ಕೆಳಗಿನಿಂದ ಆತು ನಿಲ್ಲುತ್ತದೆ. ಆಮೇಲೆ ಸ್ಪ್ರಿಂಗ್ ಅದುಮಿ, ಅರ್ಧಚಂದ್ರದ ಎರಡು ಪುಟ್ಟ ಲಾಕುಗಳನ್ನು ಅಯಸ್ಕಾಂತದ ಕಡ್ಡಿಯಿಂದ ಎತ್ತಿ ಚಹಾದ ಬಸಿಯಲ್ಲಿ ಇಡುವುದು. ಲಾಕು ಕೆಳಗೆ ಬಿದ್ದರೆ ಅರ್ಧ ದಿನ ಹುಡುಕಾಟ. ಹೊರಬಂದ ಹಳೆಯ ಸೀಲನ್ನು ಮೇಸ್ತ್ರಿ ಮಾಸ್ಟ್ರ ಅಂಗೈಗೆ ಹಾಕುತ್ತಾರೆ. ಉಗುರಿನಲ್ಲಿ ಒತ್ತಿದರೆ ಬಗ್ಗುವುದಿಲ್ಲ. ಇನ್ನಷ್ಟು ಒತ್ತಿದರೆ ಪಟಕ್ಕನೆ ಸೀಳುತ್ತದೆ. ಹೊಸದು ಬೆರಳಿನ ನಡುವೆ ಮೆತ್ತಗೆ ಹಿಗ್ಗುತ್ತದೆ.

ಮಾಸ್ಟ್ರು ಗಾಜಿನ ಮೇಲೆ ಅಂಟಿಸಿದ ಹೊಗೆ ತಪಾಸಣೆಯ ಚೀಟಿ ತೋರಿಸುತ್ತಾರೆ. "ಇದರಲ್ಲಿ ಪಾಸಾಗಿದೆಯಲ್ಲ?" ಆಗದೆ ಏನು? ಪೆಟ್ರೋಲ್ ಕಾರಿನ ತಪಾಸಣೆ ಅಳೆಯುವುದು ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್‌ಗಳನ್ನು. ಅದೂ ಓಡಿಸಿಕೊಂಡು ಬಂದು ಬಿಸಿಯಾದ ಇಂಜಿನಿನಲ್ಲಿ. ಬೆಳಗಿನ ಅರ್ಧ ನಿಮಿಷ ಆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ.

ಹತ್ತು ಗಂಟೆಯ ಹೊತ್ತಿಗೆ ಘಟ್ಟ ಇಳಿದ ಯಾತ್ರಿಕರ ಗಾಡಿಗಳು ಒಂದರ ಹಿಂದೊಂದು ಬರತೊಡಗುತ್ತವೆ. ಚಿಕ್ಕಮಗಳೂರು, ಮೂಡಿಗೆರೆ ಕಡೆಯಿಂದ ಧರ್ಮಸ್ಥಳಕ್ಕೆ ಬರುವವರಿಗೆ ಕೊಟ್ಟಿಗೆಹಾರದಿಂದ ಕೆಳಗೆ ತಿರುವಿನ ಮೇಲೆ ತಿರುವು. ಎರಡನೇ ಗೇರು, ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ, ಇಂಜಿನ್ನೇ ಬ್ರೇಕು. ಥ್ರಾಟಲ್ ಮುಚ್ಚಿದ ಪೆಟ್ರೋಲ್ ಇಂಜಿನು ಗಾಳಿಗಾಗಿ ಎಳೆದಾಡುತ್ತದೆ. ಒಳಗೆ ಹುಟ್ಟಿದ ನಿರ್ವಾತ ಸವೆದ ವಾಲ್ವ್ ಗೈಡುಗಳ ಸಂದಿನಿಂದ ಆಯಿಲನ್ನು ಹೀರಿಕೊಳ್ಳುತ್ತದೆ. ಗ್ಯಾರೇಜಿನ ಮುಂದೆ ರಸ್ತೆ ಸಮತಟ್ಟಾಗುತ್ತದೆ. ಡ್ರೈವರು ಕಾಲು ಒತ್ತುತ್ತಾನೆ. ಹಿಂದಿನಿಂದ ನೀಲಿಯ ಒಂದು ಉಗುಳು! ಹಿಂದಿನ ಬೈಕಿನವ ಮೂಗು ಮುಚ್ಚುತ್ತಾನೆ. ಗಾಡಿಯೊಳಗಿನವರಿಗೆ ಏನೂ ಗೊತ್ತಿಲ್ಲ. ಅವರು ಹಾಡು ಹಾಕಿಕೊಂಡು ಮುಂದೆ ಹೋಗಿದ್ದಾರೆ.

ಬಾಡಿಗೆಯ ಓಮ್ನಿಯೊಂದರ ಕತೆ ಇದಕ್ಕೆ ತಿರುವುಮುರುವು. ಅದು ಇಳಿಯುವಾಗ ಸುಮ್ಮನಿದ್ದು, ಏಳು ಜನರನ್ನು ಹೇರಿಕೊಂಡು ಘಟ್ಟ ಹತ್ತುವಾಗ ಬಾಲದುದ್ದಕ್ಕೂ ಹೊಗೆ ಬಿಡುತ್ತದೆ.

"ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡೀತದೆ ಅಣ್ಣ. ಪೆಟ್ರೋಲಿಗಿಂತ ಇದರದ್ದೇ ಚಿಂತೆ."

ಮೇಸ್ತ್ರಿ ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಯುತ್ತಾರೆ. ಒಳಗಿನಿಂದ ಪುಸುಪುಸು ಹೊಗೆ ಮುಖಕ್ಕೆ ಬರುತ್ತದೆ. ಬೆಂಕಿಯ ಒತ್ತಡ ಪಿಸ್ಟನ್ನಿನ ಪಕ್ಕದಿಂದ ತಪ್ಪಿಸಿಕೊಂಡು ಕೆಳಗಿನ ಚೇಂಬರಿಗೆ ನುಗ್ಗುತ್ತಿರುವ ಗುರುತು ಇದು. ಪಿಸ್ಟನ್ನಿಗೆ ಮೂರು ಉಂಗುರ. ಮೇಲಿನ ಎರಡು ಒತ್ತಡ ಹಿಡಿಯುವುದಕ್ಕೆ. ಕೆಳಗಿನದು ಆಯಿಲ್ ರಿಂಗು. ಸಿಲಿಂಡರಿನ ಗೋಡೆಗೆ ಚಿಮ್ಮಿದ ಆಯಿಲಿನಲ್ಲಿ ಬೇಕಾದಷ್ಟು ತೆಳ್ಳನೆಯ ಪದರ ಬಿಟ್ಟು, ಮಿಕ್ಕದ್ದನ್ನು ಬಳಿದು ಕೆಳಗಿಳಿಸುವುದು ಅದರ ಕೆಲಸ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದಿದ್ದರೆ ರಿಂಗಿನ ಕಾಲುವೆಯಲ್ಲಿ ಮಸಿ ಕಟ್ಟಿ ಅದು ಸಿಕ್ಕಿಕೊಳ್ಳುತ್ತದೆ. ಏರ್ ಫಿಲ್ಟರ್ ಹರಿದಿದ್ದರೆ ರಸ್ತೆಯ ಧೂಳು ಒಳಗೆ ಹೋಗಿ ರಿಂಗನ್ನೂ ಗೋಡೆಯನ್ನೂ ಅರೆಯುತ್ತದೆ.

ಮಾತಿಗಿಂತ ಗೇಜು ಮೇಲು. ಮೂರೂ ಪ್ಲಗ್ ಬಿಚ್ಚುತ್ತಾರೆ. ಎರಡರ ತುದಿ ಒಣ ಕಂದು. ಮೂರನೆಯದು ಒದ್ದೆ ಕಪ್ಪು, ಬಟ್ಟೆಯಲ್ಲಿ ಒರೆಸಿದರೂ ಜಿಡ್ಡು. ಕಂಪ್ರೆಶನ್ ಗೇಜನ್ನು ಒಂದೊಂದೇ ತೂತಿಗೆ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯುವುದು. ಮೊದಲೆರಡರಲ್ಲಿ ಮುಳ್ಳು 160ರ ಆಸುಪಾಸಿಗೆ ಏರಿ ನಿಲ್ಲುತ್ತದೆ. ಮೂರನೆಯದರಲ್ಲಿ 95ಕ್ಕೇ ಸುಸ್ತು. ಈಗ ಆ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಸೆಲ್ಫ್. ಮುಳ್ಳು 140ಕ್ಕೆ ಜಿಗಿಯುತ್ತದೆ. ಹಾಕಿದ ಆಯಿಲು ರಿಂಗಿನ ಸಂದು ಮುಚ್ಚಿದ್ದರಿಂದ ಒತ್ತಡ ಏರಿತು; ಹಾಗಾಗಿ ಸವೆದಿರುವುದು ರಿಂಗು ಇಲ್ಲವೇ ಬೋರು. ಏರದೆ ಇದ್ದಿದ್ದರೆ ವಾಲ್ವು ಸರಿಯಾಗಿ ಕೂರುತ್ತಿಲ್ಲ ಎಂದಾಗುತ್ತಿತ್ತು. ಮಾಸ್ಟ್ರ ಕಾರಿನ ರೋಗ ಈ ಗೇಜಿಗೆ ಸಿಗುವಂಥದ್ದಲ್ಲ. ಸೀಲು ತಡೆಯುವುದು ಆಯಿಲನ್ನು; ಒತ್ತಡಕ್ಕೂ ಅದಕ್ಕೂ ಸಂಬಂಧವಿಲ್ಲ.

ಓಮ್ನಿಯವನ ಮುಖ ಸಣ್ಣದಾಗಿದೆ. ಹೆಡ್ ಇಳಿಸಬೇಕು, ಪಿಸ್ಟನ್ ಎಳೆಯಬೇಕು. ಸಿಲಿಂಡರಿನ ಮೇಲಂಚಿಗೆ ಸ್ವಲ್ಪ ಕೆಳಗೆ, ರಿಂಗು ಹೋಗಿ ತಿರುಗುವಲ್ಲಿ, ಉಗುರಿಗೆ ತಡೆಯುವಷ್ಟು ಮೆಟ್ಟಿಲು ಬಿದ್ದಿದ್ದರೆ ರಿಂಗ್ ಬದಲಿಸಿ ಪ್ರಯೋಜನವಿಲ್ಲ. ಬ್ಲಾಕು ಲೇತಿಗೆ ಹೋಗಿ, ಬೋರ್ ದೊಡ್ಡದಾಗಿ, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಬರಬೇಕು, 0.25 ಅಥವಾ 0.50 ಮಿಲಿಮೀಟರ್ ಹೆಚ್ಚಿನದು. ಕೊನೆಯಲ್ಲಿ ಹೋನಿಂಗ್: ಗೋಡೆಯ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳು. ಆಯಿಲು ನಿಲ್ಲುವುದು ಆ ಗೀರುಗಳಲ್ಲಿ. ಹೊಸ ರಿಂಗು ಕೂರುವವರೆಗೆ ಕೆಲವು ದಿನ ತುಸು ಹೊಗೆ ಬಂದರೆ ಗಾಬರಿಯಾಗಬೇಕಿಲ್ಲ.

"ಗಟ್ಟಿ ಆಯಿಲ್ ಹಾಕಿ ಸುಧಾರಿಸ್ಲಿಕ್ಕೆ ಆಗ್ತದಾ ಅಣ್ಣ?"

"ಆಗ್ತದೆ, ಸೀಸನ್ ಮುಗಿಯುವವರೆಗೆ. ರಿಂಗ್ ವಾಪಸ್ ಬೆಳೆಯುವುದಿಲ್ಲ ಮಾರಾಯ."

ಮಧ್ಯಾಹ್ನದ ಊಟದ ಹೊತ್ತಿಗೆ ಕಾಲೇಜು ಹುಡುಗನೊಬ್ಬ ಹೊಸತನ ಮಾಸದ ಕಾರು ತರುತ್ತಾನೆ. ಹೊಗೆ ನಿನ್ನೆಯಿಂದ. ಆಯಿಲ್ ಬದಲಿಸಿದ್ದು ಮೊನ್ನೆ, ತಾನೇ, ವೀಡಿಯೊ ನೋಡಿಕೊಂಡು. ಮೇಸ್ತ್ರಿ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ಎತ್ತುತ್ತಾರೆ. ಮೇಲಿನ ಗುರುತನ್ನೂ ದಾಟಿ ಎರಡು ಬೆರಳು ಆಯಿಲು. ಕ್ರ್ಯಾಂಕು ಅದನ್ನು ಕಡೆದು ನೊರೆ ಮಾಡುತ್ತದೆ. ನೊರೆ ಬ್ರೀದರ್ ಪೈಪು ಹಿಡಿದು ಗಾಳಿಯ ಜತೆ ಸಿಲಿಂಡರಿಗೇ ಹೋಗುತ್ತದೆ. ಡ್ರೈನ್ ನಟ್ ಸಡಿಲಿಸಿ ಹೆಚ್ಚಿನದನ್ನು ಡಬ್ಬಕ್ಕೆ ಇಳಿಸಿದರೆ ಆಯಿತು. ಹಾಗೆಯೇ ಪಿಸಿವಿ ವಾಲ್ವನ್ನೂ ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಟಕಟಕ ಎನ್ನುತ್ತದೆ, ಪರವಾಗಿಲ್ಲ. ಇಂಜಿನಿನ ಕೆಳಹೊಟ್ಟೆಯ ಹಬೆಯನ್ನು ಮೇಲಕ್ಕೆ ಕಳಿಸಿ ಸುಡಿಸುವ ಚಿಕ್ಕ ಸಾಮಾನು ಇದು. ಮಸಿ ಕಟ್ಟಿ ಸಿಕ್ಕಿಕೊಂಡರೆ ಒಳಗಿನ ಒತ್ತಡ ಏರಿ, ಒಳ್ಳೆಯ ರಿಂಗು, ಒಳ್ಳೆಯ ಸೀಲುಗಳ ಸಂದಿನಿಂದಲೂ ಆಯಿಲನ್ನು ತಳ್ಳುತ್ತದೆ. ಕಡಿಮೆ ಬೆಲೆಯ ಈ ವಾಲ್ವನ್ನು ನೋಡದೆ ದೊಡ್ಡ ಇಂಜಿನ್ ಕೆಲಸಕ್ಕೆ ಇಳಿದವರಿದ್ದಾರೆ.

ಮೂರರ ಬಿಸಿಲಿಗೆ ತೋಟದ ಧಣಿಗಳ ಡೀಸೆಲ್ ಜೀಪು. ಇದರ ಹೊಗೆಗೆ ಹೊತ್ತುಗೊತ್ತಿಲ್ಲ. ಹತ್ತುವಾಗ, ಇಳಿಯುವಾಗ, ನಿಂತಾಗ. ಮೊದಲು ಒಂದು ಸಿಳ್ಳೆ ಕೇಳುತ್ತಿತ್ತು, ಈಗ ದಟ್ಟ ನೀಲಿ. ಮೇಸ್ತ್ರಿ ಏರ್ ಹೋಸ್ ಕಳಚಿ ಟರ್ಬೋದ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಶಾಫ್ಟು ಪಕ್ಕಕ್ಕೆ ಕುಣಿಯುತ್ತದೆ. ಚಕ್ರದ ರೆಕ್ಕೆಗಳು ಕವಚಕ್ಕೆ ಉಜ್ಜಿದ ಹೊಳಪು ಗೀರು ಕಾಣುತ್ತದೆ. ಹೋಸಿನೊಳಗೆ ಬೆರಳಾಡಿಸಿದರೆ ಆಯಿಲಿನ ಮಡು. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಈ ಶಾಫ್ಟು ತೇಲುವುದು ಆಯಿಲಿನ ತೆಳುಪದರದ ಮೇಲೆ. ಘಟ್ಟ ಹತ್ತಿ ಬಂದವರು ಕೊಟ್ಟಿಗೆಹಾರದಲ್ಲಿ ನೀರುದೋಸೆಯ ಆಸೆಗೆ ಗಾಡಿ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿದರೆ ಆಯಿಲ್ ಹರಿವು ನಿಲ್ಲುತ್ತದೆ, ಕೆಂಡದಂಥ ಕಾವು ಮಾತ್ರ ಉಳಿಯುತ್ತದೆ. ಉಳಿದ ಆಯಿಲು ಅಲ್ಲೇ ಸುಟ್ಟು ಮಸಿಯಾಗಿ ಬೇರಿಂಗನ್ನು ತಿನ್ನುತ್ತದೆ.

"ನಿಲ್ಲಿಸಿದ ಮೇಲೆ ಒಂದು ನಿಮಿಷ ಹಾಗೇ ಓಡ್ಲಿಕ್ಕೆ ಬಿಡಿ ಅಂದಿದ್ದೆ ಧಣಿ" ಎನ್ನುವಾಗ ಮೇಸ್ತ್ರಿಯ ದನಿಯಲ್ಲಿ ಗದರಿಕೆ ಇದೆ.

ಟರ್ಬೋ ಬದಲಿಸುವ ಖರ್ಚಿಗಿಂತ ಅವರು ಅಂಜುವುದು ಬೇರೆಯದಕ್ಕೆ. ಡೀಸೆಲ್ ಇಂಜಿನಿಗೆ ಕಿಡಿ ಬೇಕಿಲ್ಲ. ಗಾಳಿಯೂ ಉರಿಯುವ ಎಣ್ಣೆಯೂ ಸಿಕ್ಕರೆ ಸಾಕು. ಟರ್ಬೋ ಸೋರಿ ಹೋಸಿನಲ್ಲಿ ನಿಂತ ಆಯಿಲು ಒಮ್ಮೆಲೇ ಒಳಗೆ ಹೋಯಿತೆಂದರೆ ಇಂಜಿನು ತನ್ನ ಆಯಿಲನ್ನೇ ಕುಡಿದು ಚೀರತೊಡಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ಹಿಂದೆಲ್ಲ ನೀಲಿ ಮೋಡ. ಗೇರಿನ ಗಾಡಿಯಾದರೆ ಮೇಲಿನ ಗೇರು ಹಾಕಿ, ಬ್ರೇಕು ಬಲವಾಗಿ ಒತ್ತಿ, ಕ್ಲಚ್ ಬಿಟ್ಟು ಇಂಜಿನನ್ನು ಹಿಡಿದು ನಿಲ್ಲಿಸಬೇಕು. ಅದಾಗದಿದ್ದರೆ ದೂರ ಸರಿಯಬೇಕು. ಧಣಿಗಳು ಜೀಪನ್ನು ಅಲ್ಲೇ ಬಿಟ್ಟು ಆಟೋ ಹಿಡಿಯುತ್ತಾರೆ.

ಆಟೋ ಹೊರಟ ಹಾದಿಯಲ್ಲೇ ಎದುರಿನಿಂದ ಒಂದು ಯೆಜ್ಡಿ ಡಗಡಗ ಎಂದು ನೀಲಿ ಗೆರೆ ಎಳೆದುಕೊಂಡು ಹೋಗುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಈ ಬೈಕುಗಳು ಹಟ ಬಿಟ್ಟಿಲ್ಲ. ಹುಡುಗ ನಗುತ್ತಾನೆ: "ಅದಕ್ಕೂ ರಿಂಗ್ ಹೋಗಿದೆಯಾ?" ಟೂ ಸ್ಟ್ರೋಕ್ ಇಂಜಿನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಹಾಕುವುದು, ಸುಡುವುದೇ ಅದರ ಕ್ರಮ. ಬೈಕಿಗೆ ಸಹಜವಾದದ್ದು ಕಾರಿಗೆ ಕಾಯಿಲೆ. ಕಾಯಿಲೆಗೆ ಮದ್ದು ಮಾಡದೆ ಓಡಿಸಿದರೆ ಮೊದಲು ಪ್ಲಗ್ಗು ಕಟ್ಟುತ್ತದೆ. ಆಮೇಲೆ ಆಯಿಲಿನಲ್ಲಿರುವ ಫಾಸ್ಫರಸ್ಸು ಕ್ಯಾಟಲಿಟಿಕ್ ಕನ್ವರ್ಟರಿನ ಒಳಮೈಗೆ ಅಂಟಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಒಂದು ದಿನ ಆಯಿಲ್ ಮಟ್ಟ ನೋಡುವುದು ಮರೆತರೆ ಬೇರಿಂಗು ಹಿಡಿದು ಇಂಜಿನ್ನೇ ಹೋಗುತ್ತದೆ.

ದೀಪ ಹಚ್ಚುವ ಹೊತ್ತಿಗೆ ಬೆಳ್ತಂಗಡಿಯ ಕಡೆಯಿಂದ ಗಂಡ ಹೆಂಡತಿ ಇಬ್ಬರು ಒಂದು ಕಾರು ತರುತ್ತಾರೆ. ಸೆಕೆಂಡ್ ಹ್ಯಾಂಡು, ನಾಳೆ ಮುಂಗಡ ಕೊಡಬೇಕು. ಮಾರುವವನೂ ಜತೆಗೇ ಇದ್ದಾನೆ, ಸ್ಟೀರಿಂಗ್ ಹಿಡಿದು. ಇಂಜಿನ್ ಓಡುತ್ತಲೇ ಇದೆ. ಸೈಲೆನ್ಸರಿನ ಬಾಯಿ ಒರೆಸಿದಷ್ಟು ಚೊಕ್ಕಟ, ಹೊಗೆಯ ಎಳೆಯೂ ಇಲ್ಲ. "ನೋಡಿ, ಎಷ್ಟು ಬೇಕಾದರೂ ರೇಸ್ ಮಾಡಿ" ಎಂದು ಆತ ಕಾಲು ಒತ್ತಿ ತೋರಿಸುತ್ತಾನೆ. ಡಿಪ್‌ಸ್ಟಿಕ್ಕಿನಿಂದ ಆಯಿಲು ಹನಿಯಾಗಿ ಬೀಳದೆ ದಾರವಾಗಿ ಇಳಿಯುತ್ತದೆ. ಮಾಮೂಲಿಗಿಂತ ಮಂದ, ನಿನ್ನೆಯೋ ಮೊನ್ನೆಯೋ ಸುರಿದ ಹೊಸದು. ಬಾನೆಟ್ಟಿನ ಮೇಲೆ ಅಂಗೈ ಊರಿದ ಮೇಸ್ತ್ರಿ ಕಾವಿಗೆ ತಟ್ಟನೆ ಹಿಂದೆಗೆಯುತ್ತಾರೆ.

"ಈಗ ನಾನು ಎಂತ ಹೇಳಿದರೂ ಸುಳ್ಳಾಗ್ತದೆ. ಗಾಡಿ ಇಲ್ಲೇ ಇರಲಿ, ಕೀ ನನ್ನ ಹತ್ತಿರ. ಬೆಳಿಗ್ಗೆ ಆರೂವರೆಗೆ ಮೂವರೂ ಬನ್ನಿ. ನಿಮ್ಮೆದುರೇ ಸ್ಟಾರ್ಟ್ ಮಾಡುವ."

ಕೊಳ್ಳುವವರು ತಲೆಯಾಡಿಸುತ್ತಾರೆ. ಮಾರುವವನಿಗೆ ಬೆಳಿಗ್ಗೆ ಪುತ್ತೂರಿನಲ್ಲಿ ತುರ್ತು ಕೆಲಸ ಇರುವುದು ಆಗ ನೆನಪಾಗುತ್ತದೆ.